ಅರ್ಜಿಯ ವರ್ಗಾವಣೆಗೆ ಒಪ್ಪಿಗೆ ಬೇಡವೇ?

ನನ್ನಲ್ಲಿ ಕಲಿತವರ ಪೈಕಿ ನಾಲ್ಕಾರು ಮಂದಿ ಈಗ ಬೆಂಗಳೂರಿನ ಕಂಪನಿಗಳಲ್ಲಿ ನೇಮಕಾತಿಯ ಕೆಲಸ ನೋಡಿಕೊಳ್ಳುತ್ತಿದ್ದಾರೆ. ಈ ಬರಹ ಮುಖ್ಯವಾಗಿ ಅವರಿಗೆ.

ಅರ್ಜಿಗಳು ಕಡತದಿಂದ ತಂತ್ರಾಂಶಕ್ಕೆ ಬಂದು ಬಹಳ ಕಾಲವಾಯಿತು. ಗ್ರೀನ್‌ಹೌಸ್, ವರ್ಕ್‌ಡೇ ಮೊದಲಾದ ಹೆಸರುಗಳನ್ನು ಇವರ ಬಾಯಿಂದಲೇ ಕೇಳಿದ್ದೇನೆ. ಒಂದು ಹುದ್ದೆಗೆ ಬಂದ ಅರ್ಜಿದಾರರನ್ನು ಮತ್ತೊಂದು ಖಾಲಿ ಹುದ್ದೆಗೆ ಪರಿಗಣಿಸಲು ಇಂಥ ತಂತ್ರಾಂಶದಲ್ಲಿ ಎರಡು ದಾರಿಗಳುಂಟು. ಮೊದಲಿನ ಹುದ್ದೆಯ ಪಟ್ಟಿಯಲ್ಲಿ ಹೆಸರನ್ನು ಉಳಿಸಿಕೊಂಡೇ ಎರಡನೆಯದಕ್ಕೂ ಸೇರಿಸುವುದು ಒಂದು. ಅಲ್ಲಿಂದ ತೆಗೆದು ಇಲ್ಲಿಗೆ ಸಾಗಿಸಿಬಿಡುವುದು ಇನ್ನೊಂದು. ಪರದೆಯ ಮೇಲೆ ಎರಡೂ ಕ್ಷಣಮಾತ್ರದ ಕೆಲಸ. ಅರ್ಜಿ ಹಾಕಿದವರ ಪಾಲಿಗೆ ಮಾತ್ರ ಅಜಗಜಾಂತರ.

ತಿರಸ್ಕರಿಸುವುದಕ್ಕಿಂತ ಬೇರೆಡೆ ಅವಕಾಶ ಕೊಡುವುದು ಮೇಲಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಮೇಲು. ನನ್ನ ತಕರಾರು ಇರುವುದು ಹೇಳದೆ ಕೇಳದೆ ಸಾಗಿಸುವುದರ ಬಗ್ಗೆ. ತಂತ್ರಾಂಶ ಪರೀಕ್ಷಕಿಯ ಹುದ್ದೆಗೆ ಅರ್ಜಿ ಹಾಕಿದ ಹುಡುಗಿಯೊಬ್ಬಳನ್ನು ರಾತ್ರಿ ಪಾಳಿಯ ಗ್ರಾಹಕ ಸೇವೆಗೆ ಸಾಗಿಸಿದಿರಿ ಎನ್ನೋಣ. ಅವಳು ಊರಿನಲ್ಲಿ ಮೊದಲಿನ ಹುದ್ದೆಯ ಉತ್ತರಕ್ಕೇ ಕಾಯುತ್ತಿರುತ್ತಾಳೆ. ಆ ಪಟ್ಟಿಯಲ್ಲಿ ಅವಳ ಹೆಸರೇ ಇರುವುದಿಲ್ಲ. ಅದೇ ಭರವಸೆಯಲ್ಲಿ ಕೈಗೆ ಬಂದ ಇನ್ನೊಂದು ಕೆಲಸವನ್ನು ಅವಳು ಬಿಟ್ಟಿದ್ದರೆ? ಆ ನಷ್ಟ ನಿಮ್ಮ ಯಾವ ವರದಿಯಲ್ಲಿಯೂ ಕಾಣಿಸದು.

ಶಾಲೆಯಲ್ಲಿ ಒಂದು ಮಗು ಬೇರೆ ಶಾಲೆಗೆ ಹೋಗಬೇಕಾದರೆ ಪೋಷಕರು ಕೇಳಬೇಕು, ವರ್ಗಾವಣೆ ಪತ್ರ ಬರೆಯಬೇಕು, ದಾಖಲಾತಿ ವಹಿಯಲ್ಲಿ ದಿನಾಂಕ ಕಾಣಿಸಬೇಕು. (ಜೂನ್ ತಿಂಗಳಲ್ಲಿ ಅದನ್ನು ಬರೆದು ಬರೆದು ಬೆರಳು ನೋಯುತ್ತಿದ್ದುದು ಬೇರೆ ಮಾತು.) ನಮ್ಮ ಸಿಇಟಿಯಲ್ಲಿಯೂ ಯಾವ ಕಾಲೇಜು, ಯಾವ ಕೋರ್ಸು ಎಂಬ ಆದ್ಯತೆಯ ಪಟ್ಟಿಯನ್ನು ತುಂಬುವವರು ವಿದ್ಯಾರ್ಥಿಗಳೇ. ಲಕ್ಷಾಂತರ ಮಕ್ಕಳ ವಿಷಯದಲ್ಲಿ ಸಾಧ್ಯವಾದದ್ದು ಕಂಪನಿಯೊಂದಕ್ಕೆ ಭಾರವಾಗುತ್ತದೆ ಎಂಬುದನ್ನು ನಾನು ಒಪ್ಪಲಾರೆ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಒಪ್ಪಿಗೆಯನ್ನು ನಿರ್ದಿಷ್ಟ ಉದ್ದೇಶಕ್ಕೇ ಕಟ್ಟಿಹಾಕಿದೆ. ಆದರೆ ಇಂಥದ್ದಕ್ಕೆ ಕಾಯಿದೆ ತೋರಿಸಬೇಕಾಗಿ ಬರುವುದೇ ಬೇಸರದ ಸಂಗತಿ.

ಆದ್ದರಿಂದ, ಸಾಗಿಸುವ ಮುನ್ನ ಒಂದು ಫೋನು ಮಾಡಿ, ಇಲ್ಲವೇ ನಾಲ್ಕು ಸಾಲಿನ ಮಿಂಚಂಚೆ ಕಳುಹಿಸಿ. ಹೊಸ ಹುದ್ದೆ ಯಾವುದು, ಯಾವ ಊರಿನಲ್ಲಿ, ಸಂಬಳವೆಷ್ಟು, ಹಳೆಯ ಅರ್ಜಿ ಉಳಿಯುತ್ತದೆಯೇ ಎಂಬಷ್ಟು ಅದರಲ್ಲಿರಲಿ. ಕನ್ನಡದ ಒಕ್ಕಣೆ ಬೇಕಾದರೆ ನಾನೇ ಬರೆದುಕೊಡುತ್ತೇನೆ. ಕಾಗುಣಿತವನ್ನು ಮಾತ್ರ ಕೆಡಿಸಬೇಡಿ.