ಮನೆ ಕೊಳ್ಳುವ ಮುನ್ನ ದುಡ್ಡು ಎಲ್ಲಿರಬೇಕು?

ಬೆಂಗಳೂರಿನಲ್ಲಿ 80 ಲಕ್ಷದ ಫ್ಲ್ಯಾಟ್ ನೋಡಿದ್ದೀರಿ ಎಂದುಕೊಳ್ಳಿ. ಬ್ಯಾಂಕು ಹೆಚ್ಚೆಂದರೆ ಶೇ 80ರಷ್ಟು, ಅಂದರೆ 64 ಲಕ್ಷ ಸಾಲ ಕೊಟ್ಟೀತು. ಉಳಿದ 16 ಲಕ್ಷ ನೀವೇ ಹಾಕಬೇಕು. ಖರ್ಚು ಅಲ್ಲಿಗೇ ಮುಗಿಯುವುದಿಲ್ಲ. 2025ರ ಆಗಸ್ಟ್ ಕೊನೆಯಲ್ಲಿ ರಾಜ್ಯದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿತು. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿದರೆ ಒಟ್ಟು ಶೇ 7.6, ಅಂದರೆ ಆರು ಲಕ್ಷ ಚಿಲ್ಲರೆ. ಗೃಹಸಾಲ ಲೆಕ್ಕ ಹಾಕುವಾಗ ಬ್ಯಾಂಕು ಇದನ್ನು ಮನೆಯ ಬೆಲೆಗೆ ಸೇರಿಸುವುದಿಲ್ಲ. ಹೀಗಾಗಿ 22 ಲಕ್ಷ ರೂಪಾಯಿ ರಿಜಿಸ್ಟ್ರೇಷನ್ ಹೊತ್ತಿಗೆ ನಿಮ್ಮ ಕೈಯಲ್ಲಿರಲೇಬೇಕು.

ಆ ದಿನಕ್ಕೆ ಇನ್ನೂ ಒಂದು ವರ್ಷವಿದೆ, ಅಷ್ಟರಲ್ಲಿ ದುಡ್ಡು ಒಂದಿಷ್ಟು ಬೆಳೆಯಲಿ ಎಂಬ ಆಸೆ ಸಹಜ. ಆದರೆ ಲೆಕ್ಕ ನೋಡಿ: ಬಡ್ಡಿಯಲ್ಲಿ ಶೇ 1ರಷ್ಟು ಹೆಚ್ಚು ಸಿಕ್ಕರೂ ವರ್ಷಕ್ಕೆ ಬರುವುದು 22,000 ರೂಪಾಯಿ, ಅದರಲ್ಲೂ ತೆರಿಗೆ ಕಳೆಯಬೇಕು. ಇನ್ನು ಷೇರಿನ ಮಾತು. 2020ರ ಜನವರಿಯಲ್ಲಿ 42 ಸಾವಿರ ಮುಟ್ಟಿದ್ದ ಸೆನ್ಸೆಕ್ಸ್ ಮಾರ್ಚ್ 23ಕ್ಕೆ 26 ಸಾವಿರದ ಕೆಳಗಿಳಿದಿತ್ತು. ನಿವೃತ್ತಿಗೆಂದು ಕೂಡಿಟ್ಟವರು ಕಾಯಬಹುದು, ಅಗ್ರಿಮೆಂಟಿಗೆ ಸಹಿ ಹಾಕಿದವರು ಕಾಯುವಂತಿಲ್ಲ. ಚೀಟಿಯೂ ಇದಕ್ಕೆ ಹೊಂದುವುದಿಲ್ಲ. ಬೇಕಾದ ತಿಂಗಳೇ ಚೀಟಿ ಎತ್ತಬೇಕೆಂದರೆ ಒಳ್ಳೆಯ ಮೊತ್ತವನ್ನೇ ಬಿಟ್ಟುಕೊಡಬೇಕಾದೀತು.

ಹಾಗಾಗಿ ನನ್ನ ಮತ ಹಳೆಯ ಎಫ್‌ಡಿಗೇ. ಆದರೆ ಇಡೀ 22 ಲಕ್ಷವನ್ನು ಒಂದೇ ಬ್ಯಾಂಕಿನಲ್ಲಿ ಇಡಬೇಡಿ. ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಎರಡೂ ಸೇರಿ 5 ಲಕ್ಷಕ್ಕೆ ಮಾತ್ರ. ಶಾಖೆ ಬೇರೆಯಾದರೂ ಲೆಕ್ಕ ಒಂದೇ. ಶೇ ಅರ್ಧದಷ್ಟು ಹೆಚ್ಚು ಬಡ್ಡಿಗಾಗಿ ಸಣ್ಣ ಸಹಕಾರಿ ಬ್ಯಾಂಕಿಗೆ ಹೋಗುವವರು ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಬ್ಯಾಂಕನ್ನು ನೆನಪಿಡಬೇಕು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರು ತೆಗೆಯಬಹುದಾಗಿದ್ದದ್ದು 35,000 ರೂಪಾಯಿ. ಮನೆಯ ಮುಂಗಡಕ್ಕೆಂದು ಅಲ್ಲಿ ಇಟ್ಟವರ ಪಾಡು ಊಹಿಸಿಕೊಳ್ಳಿ.

ಒಂದೊಂದು ಬ್ಯಾಂಕಿನಲ್ಲೂ ಎರಡೆರಡು ಲಕ್ಷದ ಬಿಡಿ ಎಫ್‌ಡಿಗಳಿರಲಿ. ಟೋಕನ್ ಕೊಡಲು ಒಂದನ್ನು ಮುರಿದರೆ ದಂಡ ಅದಕ್ಕಷ್ಟೇ ಬೀಳುತ್ತದೆ. ಕೊನೆಯ ಎರಡು-ಮೂರು ತಿಂಗಳಲ್ಲಿ ಸ್ವೀಪ್ ಸೌಲಭ್ಯವಿರುವ ಉಳಿತಾಯ ಖಾತೆ ಸಾಕು.

ಲಿಕ್ವಿಡ್ ಫಂಡ್ ಗೊತ್ತಿರುವವರು ಒಂದು ಪಾಲನ್ನು ಅಲ್ಲಿಡಬಹುದು. ಏಳನೇ ದಿನದಿಂದ ಎಕ್ಸಿಟ್ ಲೋಡ್ ಇಲ್ಲ, ಸಾಮಾನ್ಯವಾಗಿ ಮರು ಕೆಲಸದ ದಿನವೇ ಹಣ ಖಾತೆಗೆ ಬರುತ್ತದೆ. ಇನ್ನಷ್ಟು ಲಾಭದ ಆಸೆಗೆ ಬೇರೆ ಡೆಟ್ ಫಂಡ್‌ಗಳತ್ತ ವಾಲಬೇಡಿ. 2020ರ ಏಪ್ರಿಲ್‌ನಲ್ಲಿ ಫ್ರಾಂಕ್ಲಿನ್ ಟೆಂಪಲ್‌ಟನ್ ಮುಚ್ಚಿದ ಆರು ಯೋಜನೆಗಳಲ್ಲಿ ‘ಅಲ್ಟ್ರಾ ಶಾರ್ಟ್’ ಹೆಸರಿನದೂ ಒಂದಿತ್ತು. ಹಣ ಆಮೇಲೆ ಕಂತುಕಂತಾಗಿ ಬಂತು.

ಎಫ್‌ಡಿ ಮಾಡಿಸುವಾಗ ರಸೀದಿಯನ್ನು ಒಮ್ಮೆ ಓದಿ. ‘ಟ್ಯಾಕ್ಸ್ ಸೇವರ್’ ಎಂದಿದ್ದರೆ ಅಲ್ಲೇ ಬದಲಿಸಿಕೊಳ್ಳಿ. ಅದನ್ನು ಐದು ವರ್ಷ ಮುರಿಯಲು ಬರುವುದಿಲ್ಲ.