ತುಟ್ಟಿ ನಮಗೆ ಮಾತ್ರವೇ?

ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈ ತಿಂಗಳ ಲೆಕ್ಕಕ್ಕೆ, ಕೇಂದ್ರ ಸರ್ಕಾರದ ನೌಕರರಾದ ನಮ್ಮ ಕೈಗೆ ಒಂದು ಸುತ್ತೋಲೆ ಬರುತ್ತದೆ. ತುಟ್ಟಿಭತ್ಯೆ ಶೇಕಡಾ ಇಷ್ಟು ಏರಿತು ಎಂಬ ಸುತ್ತೋಲೆ. ಅದು ಎರಡು ವಾರ ತಡವಾದರೆ ಸಾಕು, ಊಟದ ಬಿಡುವಿನಲ್ಲಿ ನಾವು ಸರ್ಕಾರವನ್ನೇ ಉರುಳಿಸಿಬಿಡುತ್ತೇವೆ! ತಡವಾದರೂ ನಮಗೆ ನಷ್ಟವಿಲ್ಲ. ಬಾಕಿ ಹಣ ಒಟ್ಟಿಗೆ ಬರುತ್ತದೆ.

ಈ ಏರಿಕೆ ಯಾರ ಕೃಪೆಯೂ ಅಲ್ಲ, ಶುದ್ಧ ಗಣಿತ. ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕವನ್ನು ಲೇಬರ್ ಬ್ಯೂರೋ ತಿಂಗಳು ತಿಂಗಳೂ ಪ್ರಕಟಿಸುತ್ತದೆ. ಏಳನೆಯ ವೇತನ ಆಯೋಗದ ಸೂತ್ರದಂತೆ, ಅದರ ಹನ್ನೆರಡು ತಿಂಗಳ ಸರಾಸರಿ 261.42ಕ್ಕಿಂತ ಶೇಕಡಾ ಎಷ್ಟು ಹೆಚ್ಚಾಗಿದೆಯೋ ಅಷ್ಟು ನಮ್ಮ ತುಟ್ಟಿಭತ್ಯೆ. 2016ರ ಜನವರಿಯಲ್ಲಿ ಸೊನ್ನೆಯಿಂದ ಹೊರಟದ್ದು 2025ರ ಜುಲೈಗೆ 58 ಮುಟ್ಟಿತು. ಕೊರೋನಾ ಕಾಲದಲ್ಲಿ ಮೂರು ಕಂತು ತಡೆಹಿಡಿದದ್ದನ್ನು ನಾವು ಮರೆತಿಲ್ಲ. ಆ 18 ತಿಂಗಳ ಬಾಕಿಗಾಗಿ ಎಷ್ಟು ಮನವಿ ಬರೆದೆವೋ ಲೆಕ್ಕವಿಲ್ಲ.

ಈಗ ಇದೇ ಸರ್ಕಾರದ ಇನ್ನೊಂದು ಕಡತ ಬಿಚ್ಚೋಣ. 1995ರ ಆಗಸ್ಟ್ 15ರಂದು ಬಡ ವೃದ್ಧರಿಗೆ ತಿಂಗಳಿಗೆ 75 ರೂಪಾಯಿಯ ಕೇಂದ್ರ ಪಿಂಚಣಿ ಆರಂಭವಾಯಿತು. 2006ರಲ್ಲಿ ಅದು 200 ಆಯಿತು. 2007ರಲ್ಲಿ ಇಂದಿರಾ ಗಾಂಧಿಯವರ ಹೆಸರು ಬಂದಿತು. 2011ರಲ್ಲಿ ಅರ್ಹತೆಯ ವಯಸ್ಸನ್ನು 65ರಿಂದ 60ಕ್ಕಿಳಿಸಿ, 80 ತುಂಬಿದವರಿಗೆ 500 ಮಾಡಿದರು. 2012ರಲ್ಲಿ ವಿಧವೆಯರಿಗೂ ಅಂಗವಿಕಲರಿಗೂ 300 ಎಂದರು. ಅಲ್ಲಿಗೆ ಲೇಖನಿ ನಿಂತಿತು. 60ರಿಂದ 79 ವಯಸ್ಸಿನವರಿಗೆ ಕೇಂದ್ರದ ಪಾಲು ಇಂದಿಗೂ 200. ನಮಗೆ 18 ತಿಂಗಳು ನಿಂತದ್ದಕ್ಕೆ ಇಷ್ಟು ಕೂಗಾಡಿದೆವು. ಅವರದು ನಿಂತು 18 ವರ್ಷ ದಾಟಿದೆ.

ಶಾಲೆಯಲ್ಲಿ ಕಲಿತ ತ್ರೈರಾಶಿ ಸಾಕು. 2007ರಲ್ಲಿ ಅದೇ ಸೂಚ್ಯಂಕದ ಸರಾಸರಿ 131ರ ಆಸುಪಾಸಿನಲ್ಲಿತ್ತು. ನಮಗೆ ಶೇಕಡಾ 58 ಕೊಟ್ಟಾಗ ಅದೇ ಅಳತೆಯಲ್ಲಿ ಸುಮಾರು 413. ಅಂದಿನ 200 ರೂಪಾಯಿಗೆ ಇಂದು ಸುಮಾರು 630 ಬೇಕು. ಕೊಡುತ್ತಿರುವುದು 200, ದಿನಕ್ಕೆ ಏಳು ರೂಪಾಯಿಯೂ ಇಲ್ಲ. ಒಂದು ಲೋಟ ಚಹಾಕ್ಕೂ ಸಾಲದು.

'ರಾಜ್ಯಗಳು ಸೇರಿಸಿ ಕೊಡುತ್ತವಲ್ಲ?' ಎನ್ನುತ್ತಾರೆ. ಕೊಡುತ್ತವೆ. ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಅದು ಸಾವಿರ ದಾಟಿದೆ, ಸಂತೋಷ. ಆದರೆ ಅಲ್ಲಿಯೂ ಏರಿಸುವುದು ಸೂಚ್ಯಂಕವಲ್ಲ, ಬಜೆಟ್ ಭಾಷಣ. ನಮಗೆ ಹಕ್ಕಾದದ್ದು ಮುದುಕಿಗೆ ದಾನವೇ? 'ಹಣವೆಲ್ಲಿದೆ?' ಎಂಬುದು ಇನ್ನೊಂದು ಪ್ರಶ್ನೆ. ನಮ್ಮ ಸುತ್ತೋಲೆಗೆ ಸಹಿ ಬೀಳುವಾಗ ಈ ಪ್ರಶ್ನೆ ಎಲ್ಲಿಗೆ ಹೋಗಿರುತ್ತದೆ? 2017ರಲ್ಲಿ 60 ಮಂದಿ ಅರ್ಥಶಾಸ್ತ್ರಜ್ಞರು ಅಂದಿನ ಹಣಕಾಸು ಸಚಿವರಿಗೆ ಪತ್ರ ಬರೆದು, ಕನಿಷ್ಠ 500 ಆದರೂ ಮಾಡಿ ಎಂದು ಕೇಳಿಕೊಂಡಿದ್ದರು. ಅದೂ ಆಗಲಿಲ್ಲ.

ನಮ್ಮ ಭತ್ಯೆ ಕಡಿಮೆ ಮಾಡಿ ಎಂದು ನಾವು ಹೇಳುತ್ತಿಲ್ಲ. ಅಷ್ಟು ದೊಡ್ಡ ಮನಸ್ಸು ನಮಗೂ ಇಲ್ಲ. ಹೇಳುವುದು ಇಷ್ಟೆ: ಮೊದಲು ಬಾಕಿ ಬಿದ್ದ ಬೆಲೆಯೇರಿಕೆಯನ್ನು ಪಿಂಚಣಿಗೆ ಕೂಡಿಸಿ. ಆಮೇಲೆ ಅದೇ ಜನವರಿ, ಅದೇ ಜುಲೈ, ಅದೇ ಸೂತ್ರ. ಕೈಗಾರಿಕಾ ಸೂಚ್ಯಂಕ ಹಳ್ಳಿಗೆ ಹೊಂದದು ಎನ್ನುವಿರಾ? ಕೃಷಿ ಕಾರ್ಮಿಕರ ಸೂಚ್ಯಂಕವನ್ನೂ ಅದೇ ಬ್ಯೂರೋ ಪ್ರಕಟಿಸುತ್ತದೆ. ಲೆಕ್ಕ ಸಿದ್ಧವಿದೆ, ಹಾಕುವ ಮನಸ್ಸಿಲ್ಲ.

ಆ ಮನಸ್ಸು ಬರಿಸುವ ಕೆಲಸ ನಮ್ಮಿಂದಲೂ ಆಗಬೇಕು. ನಮ್ಮ ನೌಕರ ಸಂಘಗಳ ಬೇಡಿಕೆ ಪಟ್ಟಿಯಲ್ಲಿ ಇದೂ ಒಂದು ಸಾಲಾಗಲಿ. ರಜೆಯಲ್ಲಿ ಊರಿಗೆ ಹೋದಾಗ ಅದೇ ದಿನಸಿ ಅಂಗಡಿಯಲ್ಲಿ ನಮ್ಮ ಪಕ್ಕದಲ್ಲಿ ಆ ಮುದುಕಿಯೂ ನಿಂತಿರುತ್ತಾಳೆ. ತೊಗರಿಬೇಳೆಗೆ ಅಂಗಡಿಯವನು ನಮಗೊಂದು, ಅವಳಿಗೊಂದು ದರ ಹೇಳುವುದಿಲ್ಲ.