ಬೀಗವಿಲ್ಲದ ಬಾಗಿಲು ಅನುಮತಿಯಲ್ಲ

ಗೋವಿನಕೋವಿಯಂತಹ ಒಂದು ಊರಿನ ಬೀದಿಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಇಶಾ ನಮಾಝ್ ಮುಗಿದಿದೆ. ಮಸೀದಿಯಿಂದ ಹೊರಬಂದ ನಾಲ್ಕಾರು ಯುವಕರು ಮನೆಯ ದಾರಿ ಹಿಡಿಯದೆ ಯಾರದೋ ಮನೆಯ ಜಗಲಿಯ ಬಳಿ ಕುಳಿತು ಮೊಬೈಲ್ ತೆರೆಯುತ್ತಾರೆ. ಆ ಮನೆಯವರು ಪ್ರತಿ ತಿಂಗಳು ಹಣ ಕಟ್ಟಿ ಇಂಟರ್‌ನೆಟ್ ಸಂಪರ್ಕ ಪಡೆದವರು. ವೈಫೈಗೆ ಪಾಸ್‌ವರ್ಡ್ ಇಡಬೇಕೆಂಬುದು ಅವರಿಗೆ ತಿಳಿದಿಲ್ಲ, ಅಥವಾ ತಿಳಿದೂ ಮರೆತಿದ್ದಾರೆ. ಯುವಕರನ್ನು ಕೇಳಿದರೆ ಉತ್ತರ ಸಿದ್ಧವಾಗಿದೆ: "ಪಾಸ್‌ವರ್ಡ್ ಇಟ್ಟಿಲ್ಲವಲ್ಲ, ಎಲ್ಲರಿಗೂ ಬಿಟ್ಟಿದ್ದಾರೆ ಎಂದೇ ಅರ್ಥ. ನಾವೇನು ಕದ್ದೆವೇ?"

ಈ ಮಾತನ್ನು ಯುವಕರು ಮಾತ್ರ ಆಡಿದ್ದರೆ ಬುದ್ಧಿ ಹೇಳಿ ಸುಮ್ಮನಾಗಬಹುದಿತ್ತು. ಆದರೆ ನಮ್ಮ ಹಿರಿಯರೂ ಇದನ್ನು ಒಪ್ಪಿಕೊಂಡಿದ್ದಾರೆ. ಮಾಂಸದ ಅಂಗಡಿಯಲ್ಲಿ ಝಬೀಹಾದ ಬಗ್ಗೆ ಮೂರು ಸಲ ವಿಚಾರಿಸುವ ಮನೆಗಳಲ್ಲಿ, ಬ್ಯಾಂಕಿನ ಬಡ್ಡಿಯನ್ನು ಮುಟ್ಟದ ಮನೆಗಳಲ್ಲಿ, ಪಕ್ಕದ ಮನೆಯ ವೈಫೈ ಮಾತ್ರ ಯಾವ ಪ್ರಶ್ನೆಯೂ ಇಲ್ಲದೆ ಒಳಗೆ ಬಂದಿದೆ. ಹೊಟ್ಟೆಗೆ ಹೋಗುವುದು ಹಲಾಲೇ ಎಂದು ಕೇಳುವ ನಾವು, ಕೈಯಲ್ಲಿರುವ ಮೊಬೈಲ್‌ಗೆ ಬರುವುದು ಹಲಾಲೇ ಎಂದು ಏಕೆ ಕೇಳುವುದಿಲ್ಲ?

ಈ ವಿಷಯದಲ್ಲಿ ಪವಿತ್ರ ಕುರ್‌ಆನಿನ ಮಾರ್ಗದರ್ಶನ ಸ್ಪಷ್ಟವಾಗಿದೆ. ಅನ್ನೂರ್ ಅಧ್ಯಾಯದ 27 ಮತ್ತು 28ನೆಯ ಸೂಕ್ತಗಳು ಅನ್ಯರ ಮನೆಯನ್ನು ಅನುಮತಿ ಕೇಳಿ, ಸಲಾಮ್ ಹೇಳಿಯೇ ಪ್ರವೇಶಿಸಬೇಕೆಂದೂ, ಒಳಗೆ ಯಾರೂ ಇಲ್ಲದಿದ್ದರೆ ಅನುಮತಿ ಸಿಗುವವರೆಗೆ ಕಾಲಿಡಬಾರದೆಂದೂ, ಮರಳಿ ಹೋಗಿರೆಂದರೆ ಮರಳಬೇಕೆಂದೂ ಕಲಿಸುತ್ತವೆ. ಬಾಗಿಲಿಗೆ ಬೀಗ ಬಿದ್ದಿತ್ತೇ ಇಲ್ಲವೇ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಅನುಮತಿಯನ್ನು ಕೊಡುವವನು ಮನೆಯ ಯಜಮಾನ, ಬಾಗಿಲಲ್ಲ. ಹಾಗೆಯೇ ವೈಫೈಗೆ ಅನುಮತಿ ಕೊಡುವವರು ಅದಕ್ಕೆ ಹಣ ತೆತ್ತವರು, ಮೊಬೈಲ್ ಪರದೆಯ ಮೇಲೆ ಕಾಣುವ ಸಿಗ್ನಲ್ ಅಲ್ಲ.

ಇದಕ್ಕೆ ಕೆಲವರು ಹದೀಸನ್ನೇ ಎದುರು ತರುತ್ತಾರೆ. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಮುಸ್ಲಿಮರು ಪಾಲುದಾರರು ಎಂದು ಪ್ರವಾದಿ(ಸ) ಅವರು ಕಲಿಸಿದ್ದು ಅಬೂದಾವೂದ್‌ನಲ್ಲಿ ವರದಿಯಾಗಿದೆ. ಗಾಳಿಯಲ್ಲಿ ಹರಿದು ಬರುವ ವೈಫೈಯೂ ಹೀಗೆಯೇ ಅಲ್ಲವೇ ಎಂಬುದು ಅವರ ವಾದ. ಆದರೆ ಫಿಕ್ಹ್ ವಿದ್ವಾಂಸರು ಈ ಹದೀಸನ್ನು ಹೇಗೆ ಅರ್ಥೈಸಿದರು ಎಂಬುದನ್ನು ನೋಡಬೇಡವೇ? ನದಿಯ ನೀರು ಎಲ್ಲರದು. ಅದನ್ನು ಒಬ್ಬನು ತನ್ನ ಕೊಡದಲ್ಲಿ ತುಂಬಿಕೊಂಡ ಮೇಲೆ ಅದು ಅವನದು. ಒಬ್ಬನು ಹೊತ್ತಿಸಿದ ಬೆಂಕಿಯ ಬೆಳಕಿನಲ್ಲಿ ಕೂರಬಹುದು, ಚಳಿ ಕಾಯಿಸಿಕೊಳ್ಳಬಹುದು. ಆದರೆ ಅದರ ಕೆಂಡವನ್ನು ಅವನನ್ನು ಕೇಳದೆ ಎತ್ತಿಕೊಂಡು ಹೋಗುವಂತಿಲ್ಲ. ಬೆಳಕನ್ನು ಬಳಸಿದರೆ ಬೆಳಕು ಕಡಿಮೆಯಾಗುವುದಿಲ್ಲ, ಕೆಂಡ ತೆಗೆದರೆ ಒಲೆ ಬರಿದಾಗುತ್ತದೆ. ವೈಫೈ ಕೊಡದ ನೀರು, ಒಲೆಯ ಕೆಂಡ. ಹತ್ತು ಜನ ಹೊರಗೆ ಕುಳಿತು ವಿಡಿಯೊ ನೋಡುತ್ತಿದ್ದರೆ ಒಳಗೆ ಆ ಮನೆಯ ಮಗಳ ಪಾಠ ನಿಂತು ನಿಂತು ಬರುತ್ತದೆ. ತಿಂಗಳ ಡೇಟಾಗೆ ಮಿತಿಯಿದ್ದರೆ, ಆ ಮಿತಿ ಮುಗಿದೊಡನೆ ವೇಗ ಕುಸಿಯುತ್ತದೆ. ಹಣ ಕಟ್ಟಿದವರು ಕಾರಣ ತಿಳಿಯದೆ ಕಂಪನಿಯನ್ನು ಶಪಿಸುತ್ತಾರೆ.

ನೀರಿನ ಮಾತನ್ನು ನಮ್ಮ ಜಿಲ್ಲೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಭದ್ರಾ ನಾಲೆಯ ಮೇಲ್ಭಾಗದಲ್ಲಿ ಅಕ್ರಮ ಪಂಪ್‌ಸೆಟ್ ಇಟ್ಟು ನೀರೆತ್ತಿದರೆ ಕೊನೆಯ ಭಾಗದ ಗದ್ದೆ ಒಣಗುತ್ತದೆ ಎಂದು ದಾವಣಗೆರೆ ಜಿಲ್ಲೆಯ ರೈತರು ಎಷ್ಟು ಸಲ ಬೀದಿಗಿಳಿದಿಲ್ಲ! ನಾಲೆಗೆ ಬಾಗಿಲಿಲ್ಲ, ಬೀಗವಿಲ್ಲ. ಆದರೂ ಅದು ಅನ್ಯಾಯವೆಂದು ಎಲ್ಲರೂ ಬಲ್ಲರು. ನೀರಿನಲ್ಲಿ ಕಾಣುವ ಅನ್ಯಾಯ ವೈಫೈಯಲ್ಲಿ ಕಾಣದಿರುವುದು, ಅದು ಕಣ್ಣಿಗೆ ಬೀಳದೆ ಹರಿಯುತ್ತದೆ ಎಂಬ ಒಂದೇ ಕಾರಣಕ್ಕೆ.

ಕಣ್ಣಿಗೆ ಕಾಣದ ಪ್ರಯೋಜನಕ್ಕೆ ಬೆಲೆಯಿದೆಯೇ ಎಂಬ ಚರ್ಚೆ ನಮ್ಮ ಇಮಾಮರ ಕಾಲದಲ್ಲೂ ನಡೆದಿದೆ. ಪರರ ವಸ್ತುವಿನಿಂದ ಪಡೆದ ಪ್ರಯೋಜನವೂ ಸೊತ್ತೇ, ಅದಕ್ಕೆ ಪರಿಹಾರ ಕೊಡಬೇಕು ಎಂಬುದು ಶಾಫಿಈ ಮದ್‌ಹಬ್‌ನ ನಿಲುವು. ಪ್ರಯೋಜನವನ್ನು ಸ್ವತಃ ಸೊತ್ತೆಂದು ಎಣಿಸದ ಹಿಂದಿನ ಹನಫೀ ವಿದ್ವಾಂಸರೂ ಅನುಮತಿಯಿಲ್ಲದ ಬಳಕೆಯನ್ನು ಪಾಪವೆಂದೇ ಕಂಡರು. ನಂತರದ ಹನಫೀ ವಿದ್ವಾಂಸರು ಅನಾಥರ ಆಸ್ತಿ, ವಕ್ಫ್ ಆಸ್ತಿ ಮತ್ತು ಬಾಡಿಗೆಗಾಗಿಯೇ ಇಟ್ಟ ಆಸ್ತಿ ಈ ಮೂರರಲ್ಲಿ ಪರಿಹಾರವನ್ನೂ ಕಡ್ಡಾಯಗೊಳಿಸಿದರು. ಹೀಗಿರುವಾಗ "ಮುಟ್ಟಲಾಗದ ವಸ್ತುವನ್ನು ಕದಿಯುವುದು ಹೇಗೆ" ಎಂಬ ಕುಚೋದ್ಯಕ್ಕೆ ನಮ್ಮ ಪರಂಪರೆಯಲ್ಲಿ ಆಸರೆ ಸಿಗುವುದಿಲ್ಲ.

"ನಾವು ಸಿನಿಮಾ ನೋಡುತ್ತಿಲ್ಲ, ಕಿರಾಅತ್ ಕೇಳುತ್ತಿದ್ದೇವೆ, ಬಯಾನ್ ಕೇಳುತ್ತಿದ್ದೇವೆ" ಎನ್ನುವವರೂ ಇದ್ದಾರೆ. ಕಸಿದುಕೊಂಡ ನೀರಿನಲ್ಲಿ ವುಝೂ ಮಾಡಿದವನ ಸ್ಥಿತಿಯನ್ನು ಅವರು ನೆನೆಯಲಿ. ಆ ವುಝೂ ಊರ್ಜಿತವೆಂದು ಹೇಳಿದ ವಿದ್ವಾಂಸರೂ ಆ ಕೃತ್ಯವನ್ನು ಪಾಪವೆಂದೇ ಹೇಳಿದ್ದಾರೆ. ಸತ್ಕರ್ಮದ ಉದ್ದೇಶವು ಪರರ ಹಕ್ಕನ್ನು ಹಲಾಲ್ ಮಾಡುವುದಿಲ್ಲ.

ಇನ್ನು ದೇಶದ ಕಾನೂನು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೆಯ ವಿಧಿಯು, ಮಾಲೀಕರ ಅಥವಾ ಉಸ್ತುವಾರಿ ಹೊತ್ತವರ ಅನುಮತಿಯಿಲ್ಲದೆ ಕಂಪ್ಯೂಟರ್ ಜಾಲವನ್ನು ಪ್ರವೇಶಿಸಿದವರು ಪರಿಹಾರಕ್ಕೆ ಹೊಣೆಯಾಗುತ್ತಾರೆ ಎನ್ನುತ್ತದೆ. ಜಾಲ ಎಂಬುದರ ವ್ಯಾಖ್ಯೆಯಲ್ಲಿ ನಿಸ್ತಂತು ಸಂಪರ್ಕವೂ ಸೇರಿದೆ. "ಪಾಸ್‌ವರ್ಡ್ ಮುರಿದವರು" ಎಂಬ ಷರತ್ತು ಅಲ್ಲಿಲ್ಲ. ಅನುಮತಿ ಇತ್ತೇ ಎಂಬುದೇ ಅಲ್ಲಿಯ ಪ್ರಶ್ನೆ. ಅದೇ ಕೃತ್ಯವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ 66ನೆಯ ವಿಧಿಯಂತೆ 3 ವರ್ಷಗಳವರೆಗೆ ಸೆರೆಮನೆ, 5 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಆಗಬಹುದು. ಮೊಬೈಲ್ ತಾನಾಗಿಯೇ ಒಮ್ಮೆ ಯಾವುದೋ ವೈಫೈಗೆ ಸೇರಿಕೊಂಡರೆ ಅದು ಅಪರಾಧವೆಂದು ನಾವು ಹೇಳುತ್ತಿಲ್ಲ. ಆದರೆ ಯಾರದೆಂದು ತಿಳಿದೂ, ಕೇಳದೆಯೂ, ದಿನವೂ ಹೋಗಿ ಕುಳಿತುಕೊಳ್ಳುವುದನ್ನು ಆಕಸ್ಮಿಕ ಎನ್ನಲಾದೀತೇ?

ಹಾನಿ ಕೇವಲ ಡೇಟಾದ್ದಲ್ಲ. 2008ರ ಜುಲೈ 26ರಂದು ಅಹ್ಮದಾಬಾದಿನಲ್ಲಿ ಸ್ಫೋಟಗಳು ನಡೆದಾಗ, ಅದಕ್ಕೆ ಕೆಲವೇ ನಿಮಿಷಗಳ ಮೊದಲು ಮಾಧ್ಯಮಗಳಿಗೆ ಬಂದ ಇಮೇಲ್‌ನ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬಯಿಯಲ್ಲಿ ನೆಲೆಸಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಯನ್ನು. ಅವರ ಕಂಪ್ಯೂಟರ್‌ಗಳನ್ನು ವಶಕ್ಕೆ ಪಡೆದು ಅವರನ್ನು ವಿಚಾರಣೆಗೆ ಒಳಪಡಿಸಲಾಯಿತು. ಅವರ ರಕ್ಷಣೆಯಿಲ್ಲದ ವೈಫೈಯನ್ನು ದುಷ್ಕರ್ಮಿಗಳು ಬಳಸಿಕೊಂಡಿದ್ದರು. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆಯು ವೈಫೈ ಸುರಕ್ಷತೆಯ ಬಗ್ಗೆ ಇಂಟರ್‌ನೆಟ್ ಕಂಪನಿಗಳಿಗೆ ಸೂಚನೆ ಹೊರಡಿಸಿತು. ಹೊರಗೆ ಕುಳಿತವನು ಕಳಿಸಿದ ಒಂದು ಸಂದೇಶಕ್ಕೆ ಮೊದಲು ಬಾಗಿಲು ತಟ್ಟಿಸಿಕೊಳ್ಳುವವರು ಒಳಗಿರುವವರು. ಒಂದು ದ್ವೇಷದ ವಿಡಿಯೊ, ಒಂದು ಸುಳ್ಳು ಸುದ್ದಿ ಸಾಕು. ಪೊಲೀಸರ ಪ್ರಶ್ನೆಗೆ ಉತ್ತರ ಹುಡುಕುತ್ತಾ ಅಮಾಯಕ ಕುಟುಂಬವೊಂದು ಠಾಣೆಯ ಬೆಂಚಿನ ಮೇಲೆ ಕೂರುವುದು ಎಂಥದೆಂದು ನಮ್ಮ ಸಮುದಾಯಕ್ಕೆ ಯಾರೂ ವಿವರಿಸಬೇಕಾಗಿಲ್ಲ. ಆ ಆಪತ್ತಿಗೆ ನೆರೆಯವರನ್ನು ಒಡ್ಡುವ ಹಕ್ಕು ನಮಗೆಲ್ಲಿಂದ ಬಂತು? ಯಾರ ಕೇಡಿನಿಂದ ನೆರೆಯವನು ಸುರಕ್ಷಿತನಲ್ಲವೋ ಅವನು ವಿಶ್ವಾಸಿಯಲ್ಲ ಎಂದು ಪ್ರವಾದಿ(ಸ) ಅವರು ಎಚ್ಚರಿಸಿರುವುದು ಇಂತಹವರನ್ನೇ ಅಲ್ಲವೇ?

ಆ ನೆರೆಯವರು ಮುಸ್ಲಿಮರಾಗಿರಲಿ, ಲಿಂಗಾಯತರಾಗಿರಲಿ, ಯಾರೇ ಆಗಿರಲಿ, ತೀರ್ಪು ಒಂದೇ. ಪ್ರವಾದಿ(ಸ) ಅವರು ಮಕ್ಕಾ ತೊರೆದ ರಾತ್ರಿ ಅಲ್ಲಿಯ ಜನರ ಅಮಾನತ್ತುಗಳನ್ನು ಮರಳಿಸಲು ಅಲಿ(ರ) ಅವರನ್ನು ಹಿಂದೆ ಬಿಟ್ಟು ಹೋದರು. ತಮ್ಮನ್ನು ಹೊರಹಾಕಿದ ಊರಿನವರ ಸೊತ್ತನ್ನೂ ಕಾಪಾಡಿದವರ ಅನುಯಾಯಿಗಳು ನಾವು ಎಂಬುದನ್ನು ಮರೆಯದಿರೋಣ.

ಹಾಗಾದರೆ ತೆರೆದ ವೈಫೈಯೆಲ್ಲ ನಿಷಿದ್ಧವೇ? ಖಂಡಿತ ಅಲ್ಲ. ಅದೇ ಅನ್ನೂರ್ ಅಧ್ಯಾಯದ 29ನೆಯ ಸೂಕ್ತವು, ಯಾರೂ ವಾಸವಿಲ್ಲದ, ಆದರೆ ಜನರಿಗೆ ಪ್ರಯೋಜನವಿರುವ ಕಟ್ಟಡಗಳನ್ನು ಪ್ರವೇಶಿಸುವುದರಲ್ಲಿ ದೋಷವಿಲ್ಲವೆಂದು ತಿಳಿಸುತ್ತದೆ. ರೈಲು ನಿಲ್ದಾಣದಲ್ಲಿ ಪ್ರಯಾಣಿಕರಿಗೆಂದು ಕೊಟ್ಟ ವೈಫೈ, ಹೋಟೆಲಿನವರು ಗಿರಾಕಿಗಳಿಗೆಂದು ಇಟ್ಟ ವೈಫೈ, 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿದ ಪಿಎಂ-ವಾಣಿ ಯೋಜನೆಯ ಸಾರ್ವಜನಿಕ ಕೇಂದ್ರಗಳು, ಇವೆಲ್ಲ ಕೊಟ್ಟವರ ಒಪ್ಪಿಗೆಯಿಂದಲೇ ತೆರೆದಿವೆ. ಆದರೆ ಗಿರಾಕಿಗೆ ಕೊಟ್ಟದ್ದು ಗಿರಾಕಿಗೆ ಮಾತ್ರ. ಚಹಾ ಕುಡಿಯದೆ ಹೋಟೆಲಿನ ಹಿಂಬದಿಯ ಗೋಡೆಗೆ ಒರಗಿ ನಿಂತವನಿಗಲ್ಲ. ಮದುವೆಗೆ ಬಂದಾಗ ಮನೆಯವರು ಹೇಳಿದ ಪಾಸ್‌ವರ್ಡ್ ಕೂಡ ಒಂದು ಅಮಾನತ್ತು. ಅದನ್ನು ಗೆಳೆಯರಿಗೆಲ್ಲ ಹಂಚುವುದು ಆ ಅಮಾನತ್ತಿನಲ್ಲಿ ಮಾಡಿದ ದ್ರೋಹ.

ಸಹೋದರ ಸಹೋದರಿಯರೇ, ದಾರಿ ಕಷ್ಟದ್ದಲ್ಲ. ಕೇಳಬೇಕು, ಅಷ್ಟೇ. "ಅಣ್ಣಾ, ಮಗನ ಪರೀಕ್ಷೆಯ ಅರ್ಜಿ ತುಂಬಬೇಕು, ಸ್ವಲ್ಪ ಹೊತ್ತು ನಿಮ್ಮ ವೈಫೈ ಬಳಸಲೇ?" ಎಂದರೆ ನಮ್ಮ ಊರುಗಳಲ್ಲಿ ಇಲ್ಲವೆನ್ನುವವರು ವಿರಳ. ಇಲ್ಲವೆಂದರೆ ಮುನಿಸಿಲ್ಲದೆ ಮರಳೋಣ. ಕೇಳಲು ನಾಚಿಕೆಯಾಗುತ್ತದೆ ಎನ್ನುವವರು ತಮ್ಮ ಎದೆಯನ್ನೇ ಪ್ರಶ್ನಿಸಿಕೊಳ್ಳಲಿ. ಮನಸ್ಸಿನಲ್ಲಿ ಕಸಿವಿಸಿ ಹುಟ್ಟಿಸುವುದು, ಜನರಿಗೆ ತಿಳಿಯಬಾರದೆಂದು ನಾವು ಬಯಸುವುದು, ಅದೇ ಪಾಪವೆಂದು ಪ್ರವಾದಿ(ಸ) ಅವರು ಗುರುತು ಹೇಳಿಕೊಟ್ಟಿದ್ದಾರೆ. ಈಗಾಗಲೇ ಬಳಸಿದ್ದರೆ ಕೇವಲ ತೌಬಾ ಸಾಲದು. ಇದು ದಾಸರ ಹಕ್ಕು. ಆ ಮನೆಗೆ ಹೋಗಿ ಇದ್ದದ್ದನ್ನು ಹೇಳಿ ಕ್ಷಮೆ ಕೇಳಬೇಕು, ಹಣ ಕೊಡಲೂ ಸಿದ್ಧರಿರಬೇಕು. ಇಂದು ಒಂದು ಮಾತಿನಲ್ಲಿ ತೀರುವ ಈ ಸಾಲವನ್ನು ನಾಳೆ ಪುಣ್ಯಗಳಿಂದ ತೀರಿಸಬೇಕಾಗುತ್ತದೆ.

ವೈಫೈ ಇರುವ ಮನೆಯವರಿಗೂ ಒಂದು ಮಾತು. ಇಂದೇ ಪಾಸ್‌ವರ್ಡ್ ಇಡಿ, ಅದು ನಿಮ್ಮ ಕುಟುಂಬದ ರಕ್ಷಣೆ. ಆದರೆ ಓದುವ ಮಗುವೊಂದು ಬಾಗಿಲಿಗೆ ಬಂದು ಕೇಳಿದಾಗ ಮುಖ ತಿರುಗಿಸಬೇಡಿ. ದಿನಬಳಕೆಯ ಸಣ್ಣ ನೆರವನ್ನೂ ತಡೆಹಿಡಿಯುವವರನ್ನು ಅಲ್‌ಮಾಊನ್ ಅಧ್ಯಾಯ ಖಂಡಿಸಿದೆ. ಕೇಳದೆ ತೆಗೆದುಕೊಳ್ಳುವವನೂ ಕೇಳಿದರೂ ಕೊಡದವನೂ ನೆರೆಹೊರೆಯನ್ನು ಹಾಳುಮಾಡುವವರೇ.

ಕಾಣುವ ಹರಾಮಿನಿಂದಲೂ ಕಾಣದ ಹರಾಮಿನಿಂದಲೂ ಅಲ್ಲಾಹನು ನಮ್ಮನ್ನು, ನಮ್ಮ ಮಕ್ಕಳನ್ನು ಕಾಪಾಡಲಿ. ಆಮೀನ್.